ಹಾಜರಿ ಪುಸ್ತಕದ ಹತ್ತನೇ ಹೆಸರು

ಉದ್ದದ ಬರಹ ಇದು. ಚಹಾ ಕುಡೀತಾ ಓದಿ, ಅರ್ಧಕ್ಕೆ ಬಿಡಬೇಡಿ.

ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿದ್ದಳು. ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಾಳೆ. ಈಗ ಅವಳಿಗೆ ಆರು ತಿಂಗಳು. "ಅಣ್ಣಾ, ಹತ್ತು ಜನ ಇದ್ರೆ ಮಾತ್ರ ಬಾಣಂತನದ ರಜೆಗೆ ಸಂಬಳ ಅಂತೆ, ಹೌದಾ? ನಮ್ ಸಾಹುಕಾರ್ರು ಪುಸ್ತಕದಾಗೆ ಒಂಬತ್ತೇ ಹೆಸರು ಬರ್ಸ್ಯಾರೆ. ಹತ್ತನೇದು ನಂದೇ ಇರಬೇಕು" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ನೋಡಿ ಹೇಳ್ತೀನಿ ಅಂತ ಫೋನ್ ಇಟ್ಟೆ. ಆಮೇಲೆ ನಾಲ್ಕು ದಿನ ಹಳೇ ಕಾಯ್ದೆ, ಹೊಸ ಸಂಹಿತೆ, ಬಾಬಾಸಾಹೇಬರ ಭಾಷಣಗಳ ಸಂಪುಟ ಎಲ್ಲಾ ಹರಡಿಕೊಂಡು ಕೂತೆ. ಅದರ ಫಲ ಈ ಬರಹ.

ಹೆರಿಗೆ ರಜೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ವಾರಗಳ ಲೆಕ್ಕ ಬರೀತಾರೆ. ಮೊದಲು 12 ವಾರ ಇತ್ತು, ಈಗ 26 ಆಯ್ತು, ನಾವು ಎಷ್ಟೊಂದು ದೇಶಗಳಿಗಿಂತ ಮುಂದಿದ್ದೀವಿ ಅಂತ. ಅದು ಸುಳ್ಳಲ್ಲ. ಆದರೆ ನಮ್ಮ ಕೇರಿಯಿಂದ ನೋಡಿದರೆ ಕಾಣೋ ಇತಿಹಾಸವೇ ಬೇರೆ. ನಮ್ಮ ಹೆಂಗಸರಿಗೆ ಎಷ್ಟು ವಾರ ಅನ್ನೋ ಪ್ರಶ್ನೆ ಬರೋದೇ ಇಲ್ಲ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ನೀನು ಕೆಲಸದವಳು ಅಂತ ಯಾರು ಒಪ್ಪಿಕೊಂಡಿದ್ದಾರೆ? ನಿನ್ನ ಮಾಲೀಕ ಯಾರು?

ಶುರು ಮಾಡೋದು ಬಾಂಬೆಯಿಂದಲೇ ಆಗಬೇಕು. ಕಾರ್ಖಾನೆ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡಿಸಬೇಕು ಅಂತ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು 1924ರಲ್ಲೇ ಕೇಂದ್ರ ಶಾಸನಸಭೆಗೆ ಮಸೂದೆ ತಂದಿದ್ದರು. ಸಭೆ ಅದನ್ನು ಒಪ್ಪಲಿಲ್ಲ. ಆಗಿನ ಬಾಂಬೆ ಗಿರಣಿಗಳ ಸ್ಥಿತಿ ಏನಿತ್ತು ಅಂದರೆ, ತಾಯಿ ಪಾಳಿಗೆ ಹೋದಾಗ ಕೂಸು ಅಳಬಾರದು ಅಂತ ಚೂರು ಅಫೀಮು ನೆಕ್ಕಿಸಿ ಮಲಗಿಸೋದು ಚಾಳುಗಳಲ್ಲಿ ಮಾಮೂಲಾಗಿತ್ತು. 1928ರಲ್ಲಿ ಇದೇ ವಿಷಯದ ಮಸೂದೆ ಬಾಂಬೆ ಶಾಸನ ಪರಿಷತ್ತಿಗೆ ಬಂತು. ಆ ವರ್ಷದ ಜುಲೈ 28ರಂದು ಅದರ ಪರವಾಗಿ ಎದ್ದು ನಿಂತವರು ಡಾ. ಅಂಬೇಡ್ಕರ್.

ಅವರ ವಾದವನ್ನು ನನ್ನ ಮಾತಲ್ಲಿ ಹೇಳ್ತೀನಿ. ಹೆರುವ ಮುಂಚೆ, ಹೆತ್ತ ಮೇಲೆ ತಾಯಿಗೆ ಒಂದಷ್ಟು ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ. ಹಾಗಾಗಿ ಅದರ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು, ಜನರ ಕ್ಷೇಮ ನೋಡೋದು ಮೊದಲು ಅದರ ಕೆಲಸ. ಹಾಗಂತ ಮಾಲೀಕನನ್ನು ಪೂರ್ತಿ ಬಿಟ್ಟುಬಿಡೋಕೂ ಆಗಲ್ಲ. ಅವನು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳೋದು ದಾನಕ್ಕಲ್ಲ, ಅದರಲ್ಲಿ ಅವನಿಗೆ ಲಾಭ ಹೆಚ್ಚು ಅಂತ. ಲಾಭ ತಗೊಂಡವನು ಪಾಲು ಕೊಡಲಿ.

ಎರಡು ಪಾಲುದಾರರು, ನೆನಪಿಟ್ಟುಕೊಳ್ಳಿ. ಸರ್ಕಾರ ಒಂದು, ಮಾಲೀಕ ಒಂದು. ಮುಂದೆ ಇದು ಬೇಕಾಗುತ್ತೆ.

ಇನ್ನೊಂದು ಸಂಗತಿ. ಆ ಭಾಷಣಕ್ಕೆ ಎರಡು ವರ್ಷ ಮುಂಚೆ, 1926ರ ಜುಲೈ ತಿಂಗಳಲ್ಲೇ, ಬಾಬಾಸಾಹೇಬರು ಮತ್ತು ರಮಾಬಾಯಿಯವರ ಮಗು ರಾಜರತ್ನ ತೀರಿಕೊಂಡಿತ್ತು. ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಅವರು ಪರಿಷತ್ತಿನಲ್ಲಿ ಮನೆ ದುಃಖ ಹೇಳಿಕೊಳ್ಳಲಿಲ್ಲ, ಲೆಕ್ಕ ಮತ್ತು ನ್ಯಾಯ ಮಾತಾಡಿದರು. ನನಗಂತೂ ಆ ಭಾಷಣ ಓದುವಾಗ ರಮಾಯಿ ನೆನಪಾಗದೆ ಇರಲ್ಲ.

1929ರಲ್ಲಿ ಬಾಂಬೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ದಿನಕ್ಕೆ ಎಂಟಾಣೆ ಲೆಕ್ಕದಲ್ಲಿ ಕೆಲವು ವಾರಗಳ ಭತ್ಯೆ. ಸಣ್ಣದೇ. ಆದರೆ ಹೆತ್ತ ಹೆಂಗಸು ಕೂತು ಉಂಡರೆ ಅದಕ್ಕೆ ಕೂಲಿ ಕೊಡಬೇಕು ಅಂತ ಕಾನೂನು ಒಪ್ಪಿತಲ್ಲ, ಅದು ದೊಡ್ಡದು.

ಈಗ ನಮ್ಮ ಹರಿಹರಕ್ಕೆ ಬನ್ನಿ. ತುಂಗಭದ್ರಾ ಸೇತುವೆ ಮೇಲೆ ನಿಂತು ನೋಡಿದರೆ ಈಚೆ ದಡ ಹರಿಹರ, ಆಚೆ ದಡ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಇವತ್ತು ಎರಡೂ ಕರ್ನಾಟಕ. 1929ರಲ್ಲಿ ಈಚೆ ಕಡೆ ಮೈಸೂರು ಸಂಸ್ಥಾನ, ಆಚೆ ಕಡೆ ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಅಂದರೆ ಬಾಬಾಸಾಹೇಬರು ಮಾತಾಡಿ ತಂದ ಕಾನೂನಿನ ರಾಜ್ಯ ನಮ್ಮೂರ ಹೊಳೆ ನಡುವೆ ಮುಗೀತಿತ್ತು. ಹಾಗಂತ ಆಚೆ ದಡದವರಿಗೆ ಸುಖ ಇತ್ತು ಅಂದುಕೋಬೇಡಿ. ಅಲ್ಲಿ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೊಲೇರ, ಮಾದಿಗರ ಹೆಂಗಸರಿಗೂ ಆ ಕಾನೂನಿನಿಂದ ಬಿಡಿಗಾಸು ಬರಲಿಲ್ಲ. ಅದು ಗಿರಣಿ ಒಳಗಿನವರ ಕಾನೂನು.

ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಗಣಿ ಹೆಂಗಸರ ಹೆರಿಗೆ ಸೌಲಭ್ಯ ಕಾಯ್ದೆಗೆ 1943ರಲ್ಲಿ, ಮತ್ತೆ 1945ರಲ್ಲಿ ತಿದ್ದುಪಡಿ ಆಗಿದ್ದು ಆಗಲೇ. ಅದೇ ಹೊತ್ತಿನಲ್ಲಿ, ಯುದ್ಧಕ್ಕೆ ಕಲ್ಲಿದ್ದಲು ಸಾಲದು ಅಂತ ಹೆಂಗಸರನ್ನು ನೆಲದಡಿಯ ಗಣಿಗೆ ಇಳಿಸಲು ಸರ್ಕಾರ ಮತ್ತೆ ಬಿಟ್ಟಿತು, 1946ರಲ್ಲಿ ಮತ್ತೆ ನಿಷೇಧಿಸಿತು. ನಮ್ಮವರು ಇದನ್ನು ಮುಚ್ಚಿಟ್ಟು ಬರೆಯೋದು ನನಗೆ ಸರಿ ಕಾಣಲ್ಲ. ಅದೂ ಅವರ ಕಾಲದ್ದೇ. ಇಳಿದ ಹೆಂಗಸಿಗೆ ಗಂಡಸಿನಷ್ಟೇ ಕೂಲಿ ಕೊಡಬೇಕು ಅಂತ ಅವರು ಹಟ ಹಿಡಿದದ್ದೂ ಅಷ್ಟೇ ನಿಜ. ಆಮೇಲೆ ಸಂವಿಧಾನದ 42ನೇ ವಿಧಿ ಬಂತು, ಕೆಲಸದ ಜಾಗದಲ್ಲಿ ಮನುಷ್ಯತ್ವ ಇರಬೇಕು, ಹೆರಿಗೆಗೆ ನೆರವು ಇರಬೇಕು ಅಂತ.

ಬೇರೆ ಬೇರೆ ಪ್ರಾಂತ್ಯಗಳ ಕಾನೂನುಗಳ ಜಾಗಕ್ಕೆ ದೇಶಕ್ಕೆಲ್ಲ ಒಂದು ಅಂತ ಹೆರಿಗೆ ಸೌಲಭ್ಯ ಕಾಯ್ದೆ 1961ರಲ್ಲಿ ಆಯಿತು. ಜಾರಿಗೆ ಬಂದದ್ದು 1963ರ ನವೆಂಬರ್ 1. ಹೊಳೆಯ ಎರಡೂ ದಡ ಒಂದೇ ರಾಜ್ಯ ಆಗಿದ್ದೂ ನವೆಂಬರ್ 1ರಂದೇ, 1956ರಲ್ಲಿ. ರಾಜ್ಯೋತ್ಸವದ ದಿನ ನಾವು ಬಾವುಟ ಏರಿಸಿ ಹಾಡು ಹೇಳ್ತೀವಿ. ಬಾಣಂತಿ ಕಾಯ್ದೆಯ ಹುಟ್ಟುಹಬ್ಬ ಅಂತ ಯಾರಾದರೂ ಒಂದು ಪೋಸ್ಟ್ ಹಾಕಿದ್ದು ನೋಡಿದ್ದೀರಾ?

ಈಗ ನನ್ನವ್ವನ ಕತೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೊಗಳ್ತಾರೆ. ಮೂವತ್ತರ ದಶಕದಿಂದ ಕಾಟನ್ ಮಿಲ್ಲುಗಳು ಬಂದವು, ಕೆಂಪು ಬಾವುಟ ಬಂತು, ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರು ಕಮ್ಯುನಿಸ್ಟ್ ಪಕ್ಷದಿಂದ ಮೂರು ಸಲ ಶಾಸಕರಾದರು. ಮಿಲ್ಲಿನ ಸೈರನ್‌ಗೆ ಊರು ಎದ್ದು ಮಲಗುತ್ತಿದ್ದ ಕಾಲ. ಎಲ್ಲಾ ನಿಜ. ಆದರೆ ಹತ್ತಿ ಹೊಲದಿಂದ ಸೀದಾ ನೂಲಿನ ಮಿಲ್ಲಿಗೆ ಹೋಗಲ್ಲ ನೋಡಿ. ಮೊದಲು ಜಿನ್ನಿಂಗ್ ಮಿಲ್ಲಿಗೆ ಹೋಗಬೇಕು. ಅಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡ್ತಾರೆ. ಕಸ ಕಡ್ಡಿ ಆರಿಸೋದು, ಹತ್ತಿ ಹೊತ್ತು ಯಂತ್ರಕ್ಕೆ ಹಾಕೋದು, ಧೂಳಿನಲ್ಲಿ ನಿಂತು ಬೀಜ ಗುಡಿಸೋದು. ನಮ್ಮ ಓಣಿಯಿಂದ ಅಲ್ಲಿಗೆ ಹೋಗುತ್ತಿದ್ದವರು ಹೆಂಗಸರೇ. ನೂಲಿನ ಮಿಲ್ಲಿನಲ್ಲಿ ಕಾಯಂ ಕೆಲಸ ಸಿಗಬೇಕಾದರೆ ಯಾರಾದರೂ ನಮ್ಮೋನು ಅಂತ ಕೈ ಹಿಡಿದು ಒಳಗೆ ಕರಕೊಂಡು ಹೋಗಬೇಕಿತ್ತು. ನಮ್ಮನ್ನ ನಮ್ಮೋರು ಅನ್ನೋರು ಆ ಗೇಟಿನ ಒಳಗೆ ಕಡಿಮೆ.

ನಾನು ಹುಟ್ಟಿದ್ದು 1979ರ ಫೆಬ್ರುವರಿಯಲ್ಲಿ, ಜಿನ್ನಿಂಗ್ ಸುಗ್ಗಿಯ ನಡುವೆ. ಹದಿನೆಂಟನೇ ದಿನಕ್ಕೆ ಅವ್ವ ಕೆಲಸಕ್ಕೆ ಹೋದಳು. ನಮ್ಮಜ್ಜಿ ಸೂಲಗಿತ್ತಿ, ಊರಿನ ಎಷ್ಟೋ ಮನೆಗಳ ಕೂಸುಗಳನ್ನು ಹಿಡಿದವಳು. ದೊಡ್ಡವರ ಮನೆ ಬಾಣಂತಿಯರು ಮೂರು ತಿಂಗಳು ತವರಲ್ಲಿ ಅಂಟಿನುಂಡೆ ತಿಂದು ಕಿವಿಗೆ ಹತ್ತಿ ಇಟ್ಟುಕೊಂಡು ಬೆಚ್ಚಗೆ ಮಲಗೋದನ್ನು ನೋಡಿ ಬರುತ್ತಿದ್ದಳು. ತನ್ನ ಸೊಸೆಯನ್ನು ಹದಿನೆಂಟನೇ ದಿನಕ್ಕೆ ಹತ್ತಿ ಧೂಳಿಗೆ ಕಳಿಸಿದಳು. ಮಧ್ಯಾಹ್ನ ನನ್ನ ಎತ್ತಿಕೊಂಡು ಗೇಟಿನ ತನಕ ಹೋಗೋಳು, ಅವ್ವ ಹೊರಗೆ ಬಂದು ಬೇವಿನ ಮರದ ಕೆಳಗೆ ಹಾಲು ಕುಡಿಸಿ ಓಡೋಳು. ತಡ ಆದರೆ ಮೇಸ್ತ್ರಿ ಬಟವಾಡೆಯಲ್ಲಿ ಅರ್ಧ ದಿನ ಮುರಿಯೋನು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡಬೇಕು, ಅದಕ್ಕೆ ಕೂಲಿ ಮುರಿಯಬಾರದು ಅಂತ ಕಾಯ್ದೆ ಜಾರಿಗೆ ಬಂದು ಆಗಲೇ ಹದಿನೈದು ವರ್ಷ ದಾಟಿತ್ತು.

ಅವ್ವನನ್ನು ಒಮ್ಮೆ ಕೇಳಿದ್ದೆ, ರಜೆ ಕೇಳಲಿಲ್ವಾ ಅಂತ. "ಯಾವ ರಜೆಲೇ? ಕೆಲಸಕ್ಕೆ ಹೋಗದಿದ್ರೆ ರಜೆ, ಹೋದ್ರೆ ಕೆಲಸ" ಅಂದಳು.

ಬಹಳ ವರ್ಷ ನಾನು ಇದನ್ನು ಆ ಮೇಸ್ತ್ರಿಯ ಕ್ರೌರ್ಯ ಅಂತಲೇ ತಿಳಿದಿದ್ದೆ. ಈ ನಾಲ್ಕು ದಿನದಲ್ಲಿ ಗೊತ್ತಾಗಿದ್ದು ಬೇರೆ. 1948ರ ಇಎಸ್‌ಐ ಕಾಯ್ದೆ ಇದೆಯಲ್ಲ, ಹೆರಿಗೆಯಾದ ಕಾರ್ಮಿಕಳಿಗೆ ಮಾಲೀಕನ ಜೇಬಿನಿಂದಲ್ಲದೆ ವಿಮಾ ನಿಧಿಯಿಂದಲೇ ಹಣ ಕೊಡೋ ಕಾಯ್ದೆ, ಅದು ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಯಾವುದು ಹಂಗಾಮಿ ಅಂತ ಪಟ್ಟಿಯನ್ನೂ ಕೊಟ್ಟಿತ್ತು. ಪಟ್ಟಿಯಲ್ಲಿ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಆಮೇಲೆ ಹತ್ತಿ ಅಂಡಿಗೆ ಒತ್ತೋದು, ಶೇಂಗಾ ಸುಲಿಯೋದು. ಅಂದರೆ ದಾವಣಗೆರೆ, ಚಿತ್ರದುರ್ಗ ಸೀಮೆಯ ನಮ್ಮ ಹೆಂಗಸರ ಕೆಲಸ. ಉಳಿದದ್ದು 1961ರ ಕಾಯ್ದೆ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 160 ದಿನ ದುಡಿದಿರಬೇಕಿತ್ತು. ಸುಗ್ಗಿ ಮುಗಿದರೆ ಬಾಗಿಲು ಹಾಕುವ ಮಿಲ್ಲಿನಲ್ಲಿ ಬಸುರಿ ಹೆಂಗಸು 160 ದಿನದ ಹಾಜರಿ ಎಲ್ಲಿಂದ ತರಬೇಕು? ಅದನ್ನು 80 ದಿನಕ್ಕೆ ಇಳಿಸಿದ್ದು 1988ರ ತಿದ್ದುಪಡಿ. ಆ ಹೊತ್ತಿಗೆ ಅವ್ವನ ಕೊನೇ ಹೆರಿಗೆಯೂ ಮುಗಿದಿತ್ತು. ಒಂದೇ ಹತ್ತಿ, ಒಂದೇ ಊರು. ನೂಲಿನ ಮಿಲ್ಲಿನವಳು ಕಾನೂನಿನ ಒಳಗೆ, ಜಿನ್ನಿಂಗ್ ಮಿಲ್ಲಿನವಳು ಹೊರಗೆ.

ಬೀಡಿ ಕಟ್ಟುವವರದ್ದು ಸ್ವಲ್ಪ ಭಿನ್ನ ಕತೆ. ದಾವಣಗೆರೆಯ ಮುಸ್ಲಿಂ ಓಣಿಗಳಲ್ಲಿ, ನಮ್ಮ ಕೇರಿಗಳಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುವವರು ಮನೆ ಬಿಟ್ಟು ಹೋಗಲ್ಲ, ಹಾಗಾಗಿ ಅವರು ಕಾರ್ಮಿಕರೇ ಅಲ್ಲ ಅನ್ನೋದು ಕಂಪನಿಗಳ ವಾದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರು ಅಂತ ಎಣಿಸಿತು, ಹೆರಿಗೆ ಸೌಲಭ್ಯ ಕಾಯ್ದೆ ಅವರಿಗೂ ಅನ್ವಯ ಅಂತ ಬರೆಯಿತು. ನಮ್ಮ ರಾಜ್ಯದ ಮಂಗಳೂರು ಗಣೇಶ್ ಬೀಡಿ ಮತ್ತು ಬೇರೆ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ನಡುವೆ ಕಂಟ್ರಾಕ್ಟರ್ ಇದ್ದ ಮಾತ್ರಕ್ಕೆ ಕಂಪನಿ ಕೈ ತೊಳೆದುಕೊಳ್ಳೋ ಹಾಗಿಲ್ಲ ಅಂತ ಆಯಿತು. ಐವತ್ತು ವರ್ಷದ ಹಿಂದೆಯೇ ಗೆದ್ದ ಹೋರಾಟ ಇದು. ಇವತ್ತು ಮೊಬೈಲ್ ಆ್ಯಪ್ ಕಂಪನಿಗಳು ನಮ್ಮ ಹುಡುಗರನ್ನು ಪಾಲುದಾರ ಅಂತ ಕರೆದು ಹೊರಗಿಡುವಾಗ ನನಗೆ ಈ ಬೀಡಿ ಕೇಸು ನೆನಪಾಗುತ್ತೆ.

ಇನ್ನೊಂದು ತೀರ್ಪು ನಮ್ಮವರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದ್ದು. ದೆಹಲಿಯಲ್ಲಿ ಮಸ್ಟರ್ ರೋಲ್ ಮೇಲೆ ದಿನಗೂಲಿಗೆ ರಸ್ತೆ ಅಗೆಯೋ ಕೆಲಸ ಮಾಡುತ್ತಿದ್ದ ಹೆಂಗಸರು ಹೆರಿಗೆ ರಜೆ ಕೇಳಿದರು. ನೀವು ಕಾಯಂ ಅಲ್ಲ ಅಂದಿತು ಪಾಲಿಕೆ. 2000ನೇ ಇಸವಿ ಮಾರ್ಚ್ 8, ಮಹಿಳಾ ದಿನದಂದೇ ಸುಪ್ರೀಂ ಕೋರ್ಟ್ ಹೇಳಿತು: ಕಾಯಂ ಇರಲಿ, ದಿನಗೂಲಿ ಇರಲಿ, ಹೆರಿಗೆ ಹೆರಿಗೆಯೇ, ಕಾಯ್ದೆ ಇವರಿಗೂ ಅನ್ವಯ. 2023ರಲ್ಲಿ ಇನ್ನೊಂದು ತೀರ್ಪು ಬಂತು. ರಜೆಯ ನಡುವೆ ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ. ಪೊರಕೆ ಹಿಡಿದ ನಮ್ಮ ಅಕ್ಕಂದಿರಲ್ಲಿ, ಆಸ್ಪತ್ರೆ ನೆಲ ಒರೆಸುವ ಹೊರಗುತ್ತಿಗೆ ತಾಯಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅವರಿಗೆ ಗೊತ್ತಿರೋದು, ಎರಡು ತಿಂಗಳು ಬರದಿದ್ದರೆ ಆ ಜಾಗಕ್ಕೆ ಬೇರೆಯವಳು ಬಂದಿರ್ತಾಳೆ ಅನ್ನೋದು. ಆಶಾ ಕಾರ್ಯಕರ್ತೆಯರದ್ದು ಇನ್ನೂ ವಿಚಿತ್ರ. ಬಸುರಿಯರನ್ನು ಹೆರಿಗೆಗೆ ಆಸ್ಪತ್ರೆಗೆ ಕರಕೊಂಡು ಹೋಗೋದೇ ಅವರ ಕೆಲಸ. ಅವರನ್ನು ಮಾತ್ರ ಸರ್ಕಾರ ನೌಕರರು ಅಂತ ಎಣಿಸಲ್ಲ.

ತಂಗಿ ಕೇಳಿದ "ಹತ್ತು" ಬಂದದ್ದೂ 1988ರ ತಿದ್ದುಪಡಿಯಲ್ಲೇ. ಅಲ್ಲಿಯವರೆಗೆ ಕಾಯ್ದೆ ಮುಖ್ಯವಾಗಿ ಕಾರ್ಖಾನೆ, ಗಣಿ, ತೋಟಗಳದ್ದು. ಆಗ ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗಳನ್ನೂ ಸೇರಿಸಿದರು. 2017ರಲ್ಲಿ 12 ವಾರ 26 ಆಯಿತು, ಐವತ್ತು ಜನ ಇದ್ದರೆ ಕೂಸಿನ ಮನೆ ಕಡ್ಡಾಯ ಆಯಿತು, ದತ್ತು ತಗೊಂಡ ತಾಯಿಗೂ 12 ವಾರ ಬಂತು. ಒಳ್ಳೇದೇ. ಆದರೆ ಅದೇ ಕೈಯಲ್ಲಿ ಎರಡು ಮಕ್ಕಳಿದ್ದವಳಿಗೆ ಮುಂದಿನ ಹೆರಿಗೆಗೆ 12 ವಾರ ಮಾತ್ರ ಅಂತ ಗೆರೆ ಎಳೆದರು. 1961ರ ಕಾಯ್ದೆಯಲ್ಲಿ ಈ ಗೆರೆ ಇರಲಿಲ್ಲ. ಮೂರನೇ ಕೂಸಿಗೆ ತಾಯಿ ಹಾಲು ಅರ್ಧ ಸಾಕಾ? 2025ರ ಮೇ 23ರಂದು ತಮಿಳುನಾಡಿನ ಒಬ್ಬ ಸರ್ಕಾರಿ ಶಿಕ್ಷಕಿಯ ಕೇಸಿನಲ್ಲಿ, ಹೆರಿಗೆ ರಜೆ ಹೆಣ್ಣಿನ ಬದುಕಿನ ಹಕ್ಕಿನ ಭಾಗ, ಇಬ್ಬರು ಮಕ್ಕಳಿದ್ದಾರೆ ಅಂತ ಅವಳಿಗೆ ಅದನ್ನು ನಿರಾಕರಿಸಿದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಬಾಬಾಸಾಹೇಬರ ಆ ಎರಡು ಪಾಲುದಾರರ ಮಾತಿಗೆ ಈಗ ಬರ್ತೀನಿ. 2017ರಲ್ಲಿ ವಾರ ಎರಡು ಪಟ್ಟಿಗಿಂತ ಜಾಸ್ತಿ ಮಾಡಿದ ಸರ್ಕಾರ ತನ್ನ ಪಾಲು ಎಷ್ಟು ಹಾಕಿತು? ಇಎಸ್‌ಐ ಒಳಗಿಲ್ಲದವರ ಪೂರ್ತಿ ಸಂಬಳ ಮಾಲೀಕನ ತಲೆ ಮೇಲೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದ ಹೇಳೋದೇ, ಈ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಲಿ, ಒಬ್ಬ ಮಾಲೀಕನ ಮೇಲೆ ಹೊರಿಸಬೇಡಿ ಅಂತ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಏಳು ವಾರದ ಸಂಬಳವನ್ನು ಮಾಲೀಕರಿಗೆ ವಾಪಸ್ ಕೊಡೋ ಪ್ರಸ್ತಾವ 2018ರಲ್ಲಿ ಕಾರ್ಮಿಕ ಸಚಿವಾಲಯದಿಂದ ಸುದ್ದಿಯಾಯಿತು, ಅಷ್ಟೇ. ನಾನು ಮಾಲೀಕರ ವಕೀಲ ಅಲ್ಲ. ಆದರೆ ಇದರ ಏಟು ಬೀಳೋದು ಯಾರಿಗೆ? ಹೊಸದಾಗಿ ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತಗೊಳ್ಳದೆ ಇರೋದು, ಹತ್ತನೇ ಹೆಸರು ಬರೆಯದೆ ಇರೋದು, ಐದನೇ ತಿಂಗಳಲ್ಲಿ "ನೀನು ಮನೇಲಿರಮ್ಮ" ಅನ್ನೋದು. ಕಾನೂನಿನ ಭಾರವನ್ನು ಸಾಹುಕಾರ್ರು ಹೀಗೆ ಇಳಿಸಿಕೊಳ್ತಾರೆ, ಇಳಿಸೋದು ನಮ್ಮ ಹೆಣ್ಣುಮಕ್ಕಳ ತಲೆ ಮೇಲೆ.

ತಮಾಷೆ ಅಂದರೆ ಇಎಸ್‌ಐ ಮಾಡಿಸಿದ್ದರೆ ಆ ಸೀರೆ ಅಂಗಡಿಯವರಿಗೆ ರಜೆಯ ಸಂಬಳದ ಭಾರವೇ ಇರುತ್ತಿರಲಿಲ್ಲ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳಕ್ಕೆ ಮಾಲೀಕ ಕಟ್ಟೋದು ನೂರಕ್ಕೆ 3.25, ಕೆಲಸದವಳು 0.75. 26 ವಾರದ ಹಣ ನಿಧಿಯಿಂದ ಬರುತ್ತೆ. ಮತ್ತೆ ಯಾಕೆ ಮಾಡಿಸಲ್ಲ ಅಂದರೆ, ಹೆಸರು ಒಂದು ಕಡೆ ದಾಖಲಾದರೆ ಪಿಎಫ್, ಕನಿಷ್ಠ ವೇತನ ಎಲ್ಲಾ ಹಿಂದೆಯೇ ಬರ್ತವೆ. ಹೆರಿಗೆ ನೆಪ ಅಷ್ಟೇ, ಹೆದರಿಕೆ ಇರೋದು ಹೆಸರಿಗೆ.

ಅಪ್ಪಂದಿರ ಮಾತು ಬಂದರೆ ನಮ್ಮವರೇ ನಗ್ತಾರೆ. ಗಂಡಸಿಗೆಂಥ ಬಾಣಂತನ ಅಂತ. ನಮ್ಮಪ್ಪ ಎಪಿಎಂಸಿಯಲ್ಲಿ ಹಮಾಲಿ. ನಾನು ಹುಟ್ಟಿದ ದಿನವೂ ಚೀಲ ಹೊತ್ತ. ರಾಜ್ಯ ಸರ್ಕಾರಿ ನೌಕರನಿಗೆ ಹೆಂಡತಿ ಹೆತ್ತಾಗ 15 ದಿನ ರಜೆ ಇದೆ. ಖಾಸಗಿಯಲ್ಲಿ ದುಡಿಯೋನಿಗೆ ಇವತ್ತಿಗೂ ಕಾನೂನಿನಲ್ಲಿ ಒಂದು ದಿನವೂ ಇಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ತಂದ ಖಾಸಗಿ ಮಸೂದೆ ಹಾಗೇ ಬಿದ್ದುಹೋಯಿತು. ಕೂಸು ಇಬ್ಬರದು, ರಜೆ ಒಬ್ಬಳದು ಅಂದಾಗ ಮಾಲೀಕನ ಕಣ್ಣಿಗೆ ಹೆಂಗಸು ಮಾತ್ರ ದುಬಾರಿ ಕಾಣ್ತಾಳೆ.

ನಮ್ಮ ಚಳವಳಿಯನ್ನೂ ಬಿಡಲ್ಲ. ಹರಿಹರದಲ್ಲಿ 1938ರ ಜೂನ್ 9ರಂದು ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯಿಂದಲೇ ನಾನು ಮಾತು ಕಲಿತೆ. ಹನಗವಾಡಿಯ ಅವರ ಸಮಾಧಿಗೆ ಎಷ್ಟೋ ಸಲ ಹೋಗಿದ್ದೀನಿ. ಭೂಮಿ, ಸಾರಾಯಿ, ದೌರ್ಜನ್ಯ, ಹಾಸ್ಟೆಲ್, ಎಲ್ಲದಕ್ಕೂ ಕರಪತ್ರ ಹಂಚಿದ್ದೀನಿ. ನಾನೇ ಬರೆದ ಕರಪತ್ರಗಳ ಕಟ್ಟು ತೆಗೆದು ನೋಡಿದೆ. ಬಾಣಂತಿಯ ಕೂಲಿ ಅನ್ನೋ ಬೇಡಿಕೆ ಒಂದರಲ್ಲೂ ಇಲ್ಲ. ಆಗ ಸಭೆಗೆ ಜಮಖಾನ ಹಾಸಿ, ಅಡುಗೆ ಮಾಡಿ, ಕೂಸು ಸೊಂಟದಲ್ಲಿಟ್ಟುಕೊಂಡು ಹಿಂದೆ ಕೂರುತ್ತಿದ್ದವರನ್ನು ನಾವು ಕೇಳಲೇ ಇಲ್ಲ. ನಾಚಿಕೆ ಆಗುತ್ತೆ.

ಕಳೆದ ವರ್ಷ, 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1961ರ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯ. 26 ವಾರ ಉಳಿದಿದೆ, 80 ದಿನ ಉಳಿದಿದೆ. ಎರಡು ಮಕ್ಕಳ ಗೆರೆ ಉಳಿದಿದೆ. ಹತ್ತು ಜನದ ಗೆರೆಯೂ ಉಳಿದಿದೆ. ಮನೆಗೆಲಸದವಳು, ಹೊಲದ ಕೂಲಿಯವಳು ಆ ಅಧ್ಯಾಯದ ಹೊರಗೇ ಇದ್ದಾರೆ. ಹತ್ತಕ್ಕಿಂತ ಕಡಿಮೆ ಜನ ಇದ್ದರೂ ಮಾಲೀಕ ಮತ್ತು ಹೆಚ್ಚಿನ ನೌಕರರು ಒಪ್ಪಿದರೆ ಇಎಸ್‌ಐಗೆ ಸೇರಬಹುದು ಅಂತಿದೆ. ಸಾಹುಕಾರ್ರು ಒಪ್ಪಬೇಕಲ್ಲ.

ಆದರೆ ಆ ಹತ್ತರ ಗೆರೆಯ ವಾಕ್ಯವನ್ನು ನಿಧಾನಕ್ಕೆ ಓದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಕೆಲಸಕ್ಕಿದ್ದರೆ ಸಾಕು ಅಂತಿದೆ. ಹಳೇ ಕಾಯ್ದೆಯಲ್ಲೂ ಹಾಗೇ ಇತ್ತು. ಒಂದೇ ಒಂದು ದಿನ. ತಕ್ಷಣ ತಂಗಿಗೆ ಫೋನ್ ಮಾಡಿ ಕೇಳಿದೆ, ದೀಪಾವಳಿಗೆ ಎಷ್ಟು ಹುಡುಗೀರು ಹೆಚ್ಚಿಗೆ ತಗೊಂಡಿದ್ರು ಅಂತ. "ಐದು ಜನ ಅಣ್ಣಾ. ಮದುವೆ ಸೀಸನ್ ಮುಗಿಯೋ ತನಕ ಇದ್ರು."

ಅರ್ಧ ಗಂಟೆ ಬಿಟ್ಟು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅಂಗಡಿಯ ಲಕ್ಷ್ಮಿ ಪೂಜೆ ದಿನದ್ದು. ಬಾಳೆಕಂದು, ಚೆಂಡು ಹೂವು, ಗಲ್ಲಾಪೆಟ್ಟಿಗೆ ಮುಂದೆ ಸಾಹುಕಾರ್ರು, ಅಕ್ಕಪಕ್ಕ ಹೊಸ ಸೀರೆ ಉಟ್ಟ ಹುಡುಗೀರು. ದೊಡ್ಡದು ಮಾಡಿ ಎಣಿಸಿದೆ. ಸಾಹುಕಾರ್ರನ್ನು ಬಿಟ್ಟು ಹದಿನಾಲ್ಕು ತಲೆ. ತಂಗಿ ಎಡಗಡೆ ಕೊನೆಗೆ ನಿಂತಿದ್ದಾಳೆ, ಕೈಯಲ್ಲಿ ಮಂಗಳಾರತಿ ತಟ್ಟೆ.

ಸೋಮವಾರ ಆ ಫೋಟೊ ಪ್ರಿಂಟ್ ಹಾಕಿಸಿಕೊಂಡು ಅವಳ ಜೊತೆ ಕಾರ್ಮಿಕ ಇಲಾಖೆಗೆ ಹೋಗ್ತಿದ್ದೀನಿ. ಆ ಐದು ಹುಡುಗೀರಲ್ಲಿ ಇಬ್ಬರು ಹೇಳಿಕೆ ಕೊಡೋಕೆ ಒಪ್ಪಿದ್ದಾರೆ. ನಿಮ್ಮ ಕಡೆ ಅಂಗಡಿ, ಆಸ್ಪತ್ರೆ, ಶಾಲೆ, ಗೋಡೌನ್‌ನಲ್ಲಿ ಇಂಥದೇ ಸ್ಥಿತಿಯಲ್ಲಿ ಇರುವವರಿದ್ದರೆ ಹಾಜರಿ ಪುಸ್ತಕದ್ದೋ, ಸಂಬಳ ಚೀಟಿದೋ, ಹಬ್ಬದ ದಿನದ್ದೋ ಫೋಟೊ ಈಗಲೇ ತೆಗೆದಿಡಲು ಹೇಳಿ. ಭಾನುವಾರ ಬೆಳಗ್ಗೆಯಿಂದ ಹರಿಹರದಲ್ಲೇ ಇರ್ತೀನಿ, ಬರೋರು ಮೆಸೇಜ್ ಹಾಕಿ ಬನ್ನಿ.

ಜೈಭೀಮ್.